ಎಡ ಹುಬ್ಬಿನ ಮೇಲಿನ ಕಲೆ

ಜನವರಿ 6

ಅಪ್ಪಾ,

'ಇತ್ತ ಎಲ್ಲರೂ ಕ್ಷೇಮ' ಎಂದು ಕಾಗದ ಶುರು ಮಾಡಬೇಕು ಅಂತ ನೀನೇ ಕಲಿಸಿದ್ದು. ಆ ಸಾಲಿಗೆ ಜಾಗ ಖಾಲಿ ಬಿಟ್ಟಿದ್ದೇನೆ. ಮುಂದೆ ಯಾವಾಗಲಾದರೂ ತುಂಬುತ್ತೇನೆ.

ವಾರಕ್ಕೆರಡು ಸಲ ಫೋನ್ ಮಾಡುವವಳು ಇದೇನು ಹೊಸದಾಗಿ ಕಾಗದ ಅಂತ ನಿನಗೆ ಅನ್ನಿಸಿರುತ್ತದೆ. ನಾನು ಫೋನಿನಲ್ಲಿ ಮಾತಾಡುವಾಗ ನಿನ್ನ ಅಳಿಯ ಎದುರು ಕುರ್ಚಿಯಲ್ಲೇ ಕೂತಿರುತ್ತಾರೆ. ಮೆಸೇಜುಗಳನ್ನೆಲ್ಲ ಒಂದೂ ಬಿಡದೆ ಓದುತ್ತಾರೆ. ಹಾಗಾಗಿ ನೀನು ಇದರ ಬಗ್ಗೆ ಫೋನಿನಲ್ಲಿ ಚಕಾರ ಎತ್ತಬೇಡ. ಉತ್ತರ ಬರೆದರೆ ಲಕೋಟೆಯ ಹಿಂದಿರುವ ವಿಳಾಸಕ್ಕೆ ಬರೆ. ಅದು ನನ್ನ ಜೊತೆ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸಿನ ಮನೆ. ದೊಡ್ಡ ಇಸ್ತ್ರಿ ಯಂತ್ರ ನಡೆಸುತ್ತಾಳೆ, ನಾನು ಅವಳಿಗೆ ಇಸ್ತ್ರಿಯಮ್ಮ ಅಂತ ಹೆಸರಿಟ್ಟಿದ್ದೇನೆ. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆ ಅವಳು ತೀಡಿ ಕೊಡುತ್ತಾಳೆ, ನಾನು ಮಡಚುತ್ತೇನೆ. ನಮ್ಮ ಭಾಷೆಯ ಒಂದಕ್ಷರ ಅವಳಿಗೆ ಬರುವುದಿಲ್ಲ, ಆದರೆ ಏನು ಹೇಳಬಾರದು ಅನ್ನುವುದು ಚೆನ್ನಾಗಿ ಗೊತ್ತು.

ವಿಷಯ ಇಷ್ಟೇ. ನೀನು ಇಲ್ಲಿಗೆ ಬರಬೇಕು. ಊರು ನೋಡಲು ಬರುವವನ ಹಾಗೆ, ಟೂರಿಸ್ಟ್ ವೀಸಾದಲ್ಲಿ. ಅರ್ಜಿಯಲ್ಲಿ ಮಗಳು ಇಲ್ಲಿದ್ದಾಳೆ ಎಂದು ನಿಜವನ್ನೇ ಬರೆ, ಸುಳ್ಳು ಬರೆದರೆ ಸಿಕ್ಕಿಬೀಳುತ್ತೀಯ. ಆದರೆ ಆಹ್ವಾನ ಪತ್ರ ಕೊಡಿ ಎಂದು ಇವರನ್ನು ಕೇಳಬೇಡ. ಹೋಟೆಲಿನಲ್ಲಿ ರೂಮು ಹಿಡಿ. ಬರುವ ದಿನ ಇವರಿಗೆ ಗೊತ್ತಾಗಬಾರದು.

ಯಾಕೆ ಅಂತ ಈ ಕಾಗದದಲ್ಲಿ ಬರೆಯಲಾರೆ. ಏಪ್ರಿಲ್ ಮುಗಿಯುವುದರೊಳಗೆ ಬಾ.

ನಿನ್ನ ಪಿಳಿ

⁂

ಜನವರಿ 19

ಪಿಳೀ,

ಕಾಗದ ಬಂತು. ಮೂರು ಸಲ ಓದಿದೆ. ಖಾಲಿ ಬಿಟ್ಟ ಸಾಲನ್ನೂ ಓದಿದೆ.

ಯಾಕೆ ಅಂತ ನಾನು ಕೇಳುವುದಿಲ್ಲ. ಅವತ್ತೇ ಅಂಗಡಿಗೆ ಬಾಗಿಲು ಹಾಕಿ, ಎದುರು ರಸ್ತೆಯ ಟ್ರಾವೆಲ್ಸ್‌ನವನ ಹತ್ತಿರ ಹೋದೆ. ಅವನನ್ನು ಈಗ ನಾನು ಕ್ಲಿಪ್ಪಣ್ಣ ಅಂತಲೇ ಕರೆಯುವುದು. ಯಾವ ಕಾಗದಕ್ಕೂ ಪಿನ್ನು ಹೊಡೆಯಬಾರದು, ಎಲ್ಲಕ್ಕೂ ಕ್ಲಿಪ್ಪೇ ಹಾಕಬೇಕು ಎಂದು ಮೊದಲ ಅರ್ಧ ಗಂಟೆ ಅದನ್ನೇ ಪಾಠ ಮಾಡಿದ. ಕೊನೆಗೆ ಪಾಸ್‌ಪೋರ್ಟ್ ಕೇಳಿದ. ಇಲ್ಲ ಅಂದೆ. ಕ್ಲಿಪ್ಪಿನ ಡಬ್ಬಿ ಮುಚ್ಚಿಟ್ಟುಬಿಟ್ಟ.

ನಿನ್ನೆ ಪಾಸ್‌ಪೋರ್ಟ್ ಆಫೀಸಿಗೆ ಹೋಗಿ ಬಂದೆ. ಫೋಟೊ ಅವರೇ ತೆಗೆಯುತ್ತಾರಂತೆ! ನಲವತ್ತು ವರ್ಷ ಸ್ಟುಡಿಯೋದಲ್ಲಿ ಊರಿನವರಿಗೆಲ್ಲ 'ಗಲ್ಲ ಸ್ವಲ್ಪ ಮೇಲೆ' ಅಂದವನಿಗೆ, ನಿನ್ನ ವಯಸ್ಸಿನವಳೊಬ್ಬಳು 'ಅಂಕಲ್, ಗಲ್ಲ ಕೆಳಗೆ' ಅಂದಳು. ಲೈಟು ತಲೆ ಮೇಲೆ ಒಂದೇ. ಬಾಚಣಿಗೆ ಇಲ್ಲ, ಕನ್ನಡಿ ಇಲ್ಲ. ಪರದೆಯ ಮೇಲೆ ನನ್ನ ಮುಖ ನೋಡಿ ನನಗೇ ದಿಗಿಲಾಯಿತು. ಇನ್ನೊಂದು ತೆಗೆಯಮ್ಮಾ ಅಂದರೆ, ಮುಂದಿನವರು ಬನ್ನಿ ಅಂದಳು.

ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಒಂದು ಕಾಲಂ ಇತ್ತು. ನಾನು ಏನೂ ಇಲ್ಲ ಎಂದು ಬರೆದಿದ್ದೆ. ಅಲ್ಲಿನ ಗುಮಾಸ್ತ ನನ್ನ ಮುಖ ನೋಡಿ, "ಹುಬ್ಬಿನ ಮೇಲಿರೋದೇನು ಮತ್ತೆ?" ಅಂದ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ ಎಂದು ಅವನೇ ಬರೆಸಿದ. ನಾಲ್ಕು ವರ್ಷದವಳಿದ್ದಾಗ ನೀನು ಲೈಟಿನ ಸ್ಟ್ಯಾಂಡ್ ಎಳೆದು ನನ್ನ ಮೇಲೆ ಕೆಡವಿದ್ದೆಯಲ್ಲ, ಅದು ಈಗ ಸರ್ಕಾರಿ ದಾಖಲೆ ಸೇರಿತು.

ಪೊಲೀಸಿನವರು ವಿಚಾರಣೆಗೆ ಬರಬೇಕಂತೆ. ಅದಾದ ಮೇಲೆ ಪಾಸ್‌ಪೋರ್ಟು, ಆಮೇಲೆ ವೀಸಾ. ಏಪ್ರಿಲ್‌ಗೆ ಇನ್ನೂ ಬೇಕಾದಷ್ಟು ದಿನ ಇದೆ. ನೀನು ಊಟ ಸರಿಯಾಗಿ ಮಾಡು. ನಿಮ್ಮಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ವಿಮಾನದಲ್ಲಿ ಕೂತಿರುತ್ತಿದ್ದಳು, ಪಾಸ್‌ಪೋರ್ಟ್ ಇರಲಿ ಬಿಡಲಿ.

ನಿನ್ನ ಸ್ಟುಡಿಯೋ ಅಪ್ಪ

⁂

ಫೆಬ್ರವರಿ 2

ಅಪ್ಪಾ,

ನಿನ್ನ ಕಾಗದ ಓದಿ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನಕ್ಕೆ. ಇಸ್ತ್ರಿಯಮ್ಮ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ನಗುವುದನ್ನು ಅವಳು ಅದೇ ಮೊದಲ ಸಲ ನೋಡಿದ್ದಂತೆ. ಕಾಗದವನ್ನು ಅವಳೇ ಇಟ್ಟುಕೊಳ್ಳುತ್ತಾಳೆ. ಮನೆಗೆ ಒಯ್ಯುವ ಹಾಗಿಲ್ಲ.

ಇಲ್ಲಿಂದ ಮನೆಗೆ ನಡೆದರೆ ಹನ್ನೊಂದು ನಿಮಿಷ. ಇವರು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರಲ್ಲವೇ, ಯಾವ ಲಾರಿ ಎಷ್ಟು ಗಂಟೆಗೆ ಬಂತು ಎಂದು ಬರೆಯುವುದೇ ಕೆಲಸ. ಮನೆಯಲ್ಲೂ ಅದೇ ಅಭ್ಯಾಸ. ಹದಿಮೂರು ನಿಮಿಷವಾದರೆ ಎರಡು ನಿಮಿಷ ಎಲ್ಲಿದ್ದೆ ಎಂದು ಕೇಳುತ್ತಾರೆ. ಕೂಗಾಡುವುದಿಲ್ಲ. ತುಂಬ ಮೆತ್ತಗೆ ಕೇಳುತ್ತಾರೆ. ಮೊದಲು ಕೂಗಾಡುತ್ತಿದ್ದರು, ಆಗ ಮುಂದೆ ಏನು ಎಂದು ಗೊತ್ತಾಗುತ್ತಿತ್ತು.

ಹೋದ ತಿಂಗಳು ನನ್ನ ಪಾಸ್‌ಪೋರ್ಟ್ ತೆಗೆದುಕೊಂಡರು. ಕಳೆದುಹೋಗಬಾರದು ಅಂತ ಆಫೀಸಿನ ಲಾಕರಿನಲ್ಲಿ ಇಟ್ಟಿದ್ದಾರಂತೆ. ಮುಂಬಾಗಿಲಿಗೆ ಹೊಸ ಬೀಗ ಬಂದಿದೆ. ಒಳಗಿನಿಂದ ತೆಗೆಯಲೂ ಕೀಲಿ ಬೇಕು. ಕೀಲಿ ಒಂದೇ.

ಏಪ್ರಿಲ್ ಅಂತ ಯಾಕೆ ಬರೆದೆ ಎಂದರೆ, ಈ ಮನೆಯ ಕರಾರು ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತದೆ. ಆಮೇಲೆ ಬೇರೆ ಊರಿಗೆ ಹೋಗೋಣ ಅನ್ನುತ್ತಾರೆ. ಯಾವ ಊರು ಎಂದರೆ ಹೇಳುವುದಿಲ್ಲ. ಅಲ್ಲಿ ನಾನು ಕೆಲಸಕ್ಕೆ ಹೋಗಬೇಕಾಗಿಲ್ಲವಂತೆ, ಅಕ್ಕಪಕ್ಕ ಮನೆಗಳೂ ಇಲ್ಲವಂತೆ. ನೆಮ್ಮದಿಯಾಗಿರಬಹುದು ಅನ್ನುತ್ತಾರೆ.

ಒಂದು ಕೇಳಬೇಕಿತ್ತು. ನಾನು ಇಲ್ಲಿಗೆ ಬರುವ ಮುಂಚೆ, ನನ್ನ ವೀಸಾಕ್ಕೆಂದು ನಮ್ಮ ಸ್ಟುಡಿಯೋದಲ್ಲೇ ಒಂದು ಫೋಟೊ ತೆಗೆದಿದ್ದೆಯಲ್ಲ, ಮದುವೆಯಾಗಿ ಏಳೆಂಟು ತಿಂಗಳಾಗಿತ್ತು. ಅದು ಇನ್ನೂ ಇದೆಯಾ?

ನಿನ್ನ ಪಿಳಿ

⁂

ಮಾರ್ಚ್ 1

ಪಿಳೀ,

ಪಾಸ್‌ಪೋರ್ಟ್ ಬಂತು! ವಿಚಾರಣೆಗೆ ಬಂದ ಪೊಲೀಸಪ್ಪ ನನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಮಗನ ಮದುವೆಯ ಆಲ್ಬಮ್ಮಿಗೆ ಎಷ್ಟಾಗುತ್ತದೆ ಎಂದು ಕೇಳಿಕೊಂಡು ಹೋದ. ಅವನು ಬರುವುದಕ್ಕೇ ಮೂರು ವಾರ ಹಿಡಿಯಿತು ಅನ್ನುವುದೊಂದು ಸಂಕಟ.

ಆಮೇಲೆ ಒಂದು ದಿನವೂ ತಡಮಾಡಲಿಲ್ಲ. ಕ್ಲಿಪ್ಪಣ್ಣನ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಮೂರು ವರ್ಷದ ತೆರಿಗೆ ಕಾಗದ, ಅಂಗಡಿಯ ಲೈಸೆನ್ಸು, ವಿಮೆ, ಹೋಗಿಬರುವ ಟಿಕೆಟ್ಟಿನ ಬುಕಿಂಗು, ಹೋಟೆಲಿನದು. ನಾನು ಖಂಡಿತ ವಾಪಸ್ ಬರುತ್ತೇನೆ ಎಂದು ಅವರಿಗೆ ನಂಬಿಕೆ ಬರಬೇಕಂತೆ. "ಅಂಕಲ್, ನೀವು ಇಲ್ಲಿಗೇ ಬರ್ತೀರಿ ಅನ್ನೋಕೆ ಏನು ಆಧಾರ ಇದೆ?" ಎಂದು ಕೇಳಿದ. ಹೆಂಡತಿ ಇಲ್ಲ, ಇರುವ ಒಬ್ಬ ಮಗಳು ಅಲ್ಲೇ ಇದ್ದಾಳೆ. ಯೋಚನೆ ಮಾಡಿ, ಹಲ್ಲಿನ ಡಾಕ್ಟರು ಅರ್ಧ ಕಟ್ಟಿದ ಹಲ್ಲಿನ ಸೆಟ್ಟು ಇಟ್ಟುಕೊಂಡಿದ್ದಾರೆ, ಅದಕ್ಕಾದರೂ ಬರಲೇಬೇಕು ಅಂದೆ. ಅವನು ನಗಲಿಲ್ಲ. ಅಂಗಡಿಯ ಲೈಸೆನ್ಸನ್ನೇ ಮೇಲಿಟ್ಟ.

ಅಳಿಯನಿಂದ ಆಹ್ವಾನ ಪತ್ರ ತರಿಸಿದರೆ ಕೆಲಸ ಸಲೀಸು ಎಂದು ಹತ್ತು ಸಲ ಹೇಳಿದ. ಬೇಡ ಎಂದು ಹನ್ನೊಂದು ಸಲ ಹೇಳಿದೆ.

ದಿನದಿನದ ಕಾರ್ಯಕ್ರಮ ಬೇರೆ ಬರೆದುಕೊಡಬೇಕು. ಮೊದಲ ದಿನ ಮ್ಯೂಸಿಯಂ, ಎರಡನೇ ದಿನ ನದಿಯ ದಂಡೆ, ಮೂರನೇ ದಿನ ಹಳೆಯ ಸೇತುವೆ ಎಂದು ಅವನೇ ಟೈಪು ಮಾಡಿದ. ಮೊದಲ ದಿನ ಮಗಳ ಮುಖ ನೋಡುವುದು ಎಂದು ಬರೆಯಪ್ಪಾ ಅಂದರೆ, ಹಾಗೆಲ್ಲ ಬರೆಯಬಾರದಂತೆ.

ಆದರೆ ಫೋಟೊ ಮಾತ್ರ ನನ್ನದೇ. ಹೊಸದಾಗಿ ತೆಗೆದದ್ದು ಬೇಕು, ಹಿಂದೆ ಬಿಳಿ ಪರದೆ ಇರಬೇಕು ಅಂದ. ಸ್ಟೂಲಿನ ಮೇಲೆ ಕೂತು, ಟೈಮರ್ ಇಟ್ಟು ನಾನೇ ತೆಗೆದುಕೊಂಡೆ. ಎರಡು ಕಡೆಯಿಂದ ಲೈಟು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಕಣ್ಣಿನ ಕೆಳಗಿನ ಕಪ್ಪು, ಕುತ್ತಿಗೆಯ ನೆರಿಗೆ, ಆ ಹುಬ್ಬಿನ ಕಲೆ, ಎಲ್ಲ ಟಚಪ್ ಮಾಡಿದೆ. ಮಾಡಬೇಕು ಎಂದು ಮಾಡಿದ್ದೂ ಅಲ್ಲ, ಕೈ ತನ್ನಷ್ಟಕ್ಕೆ ಹೋಯಿತು. ಕ್ಲಿಪ್ಪಣ್ಣ ನೋಡಿ, "ಅಂಕಲ್, ಹತ್ತು ವರ್ಷ ಚಿಕ್ಕೋರಾಗಿಬಿಟ್ರಿ" ಅಂದ. ಪಾಸ್‌ಪೋರ್ಟಿನ ಆ ಹಾಳು ಮುಖದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ ಸಮಾಧಾನವಾಯಿತು.

ನಿನ್ನೆ ಅರ್ಜಿ ಕೊಟ್ಟು, ಬೆರಳಿನ ಗುರುತೂ ಕೊಟ್ಟು ಬಂದೆ. ಮೂರು ನಾಲ್ಕು ವಾರದಲ್ಲಿ ಬರುತ್ತದಂತೆ. ಏಪ್ರಿಲ್ ಎಂಟರ ವಿಮಾನ ನೋಡಿಟ್ಟಿದ್ದೇನೆ.

ನೀನು ಕೇಳಿದ ಫೋಟೊ ಹುಡುಕಬೇಕು. ಹಳೆಯ ಹಾರ್ಡ್ ಡಿಸ್ಕ್ ಕೆಟ್ಟುಹೋಗಿದೆ.

ಟಿಕೆಟ್ಟಿನ ಕನಸು ಕಾಣುತ್ತಿರುವ,
ಅಪ್ಪ

⁂

ಮಾರ್ಚ್ 14

ಅಪ್ಪಾ,

ಹಾರ್ಡ್ ಡಿಸ್ಕ್ ಕೆಟ್ಟಿಲ್ಲ. ನೀನು ಯಾವ ಫೋಟೊವನ್ನೂ ಕಳೆದುಕೊಂಡವನಲ್ಲ. ಸತ್ತವರ ಫೋಟೊ ಕೇಳಿಕೊಂಡು ಇಪ್ಪತ್ತು ವರ್ಷದ ಮೇಲೆ ಬಂದವರಿಗೂ ಹುಡುಕಿ ಕೊಟ್ಟಿದ್ದೀಯ.

ಅವತ್ತು ನನ್ನ ಕೆನ್ನೆಯ ಮೇಲೆ, ಬಲಗಣ್ಣಿನ ಕೆಳಗೆ ನೀಲಿ ಕಟ್ಟಿತ್ತು. ಬಚ್ಚಲಿನ ನಲ್ಲಿ ತಾಗಿತು ಎಂದು ನಾನು ಹೇಳಿದೆ. ನೀನು ಹೂಂ ಅಂದೆ. ಎಷ್ಟು ಎತ್ತರದಲ್ಲಿತ್ತು ನಲ್ಲಿ ಎಂದು ಕೇಳಲಿಲ್ಲ. ದಾರ ಕಟ್ಟಿದ ಬಾಚಣಿಗೆ ಕೊಟ್ಟೆ, ಎಂದಿನ ಹಾಗೆ ಮೂರು ಎಣಿಸುತ್ತೇನೆ ಎಂದು ಹೇಳಿ ಎರಡಕ್ಕೇ ಒತ್ತಿದೆ, ನಾನು ಪಿಳಿಪಿಳಿ ಮಾಡಿ ಕಣ್ಣು ಮುಚ್ಚುವುದರೊಳಗೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ನನ್ನ ಎದುರಿನಲ್ಲೇ, ಹತ್ತು ನಿಮಿಷದಲ್ಲಿ ಅದನ್ನು ಅಳಿಸಿದೆ. "ಈಗ ಸರಿಯಾಯ್ತು ನೋಡು" ಅಂದೆ.

ನೀನು ಒಂದು ಮಾತು ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ. ಹೇಳುವುದಕ್ಕೆ ಅಂತಲೇ ಬಂದಿದ್ದೆ. ವೀಸಾದ ಫೋಟೊ ಎಲ್ಲಿ ಬೇಕಾದರೂ ತೆಗೆಸಬಹುದಿತ್ತು, ಅದಕ್ಕೆ ಆರು ಗಂಟೆ ಬಸ್ಸಿನಲ್ಲಿ ಕೂತು ಬರಬೇಕಾಗಿರಲಿಲ್ಲ. ಆದರೆ ಪರದೆಯ ಮೇಲೆ ನನ್ನ ಮುಖ ಅಷ್ಟು ಚೆನ್ನಾಗಿ ಕಾಣಿಸಿತು. ಏನೂ ಆಗಿಲ್ಲದವಳ ಹಾಗೆ. ನಾನೂ ಅದನ್ನೇ ನಂಬಿಕೊಂಡು ವಿಮಾನ ಹತ್ತಿದೆ.

ಇದನ್ನು ಓದಿ ನೀನು ನೊಂದುಕೊಳ್ಳುತ್ತೀಯ ಅಂತ ಗೊತ್ತು. ನನಗೆ ಸಿಟ್ಟಿಲ್ಲ ಎಂದು ಬರೆಯಲು ಹೊರಟಿದ್ದೆ. ಸಿಟ್ಟಿದೆ ಅಪ್ಪಾ.

ಅವರು, ಇವರು ಎಂದು ಬರೆಯಲು ಕೈ ಬರುತ್ತಿಲ್ಲ. ಅವನು ನಿನ್ನೆ ಕೆಲಸದ ಹೊತ್ತಿನಲ್ಲಿ ಲಾಂಡ್ರಿಯ ಎದುರು ಫುಟ್‌ಪಾತಿನಲ್ಲಿ ಬಂದು ನಿಂತಿದ್ದ. ಒಳಗೆ ಬರಲಿಲ್ಲ, ಕೈ ಬೀಸಲೂ ಇಲ್ಲ. ನಲವತ್ತು ನಿಮಿಷ ನಿಂತು ಹೋದ. ಮನೆಗೆ ಹೋದ ಮೇಲೆ, "ನಿನ್ನ ಫ್ರೆಂಡು ವಯಸ್ಸಾದೋಳು, ಪಾಪ. ಅವಳಿಗೆ ತೊಂದ್ರೆ ಆಗ್ಬಾರ್ದು ಅಲ್ವಾ?" ಅಂದ. ಅಷ್ಟೇ.

ಪೊಲೀಸಿಗೆ ಹೇಳು ಅನ್ನುತ್ತೀಯ. ಇಸ್ತ್ರಿಯಮ್ಮನೂ ಅದನ್ನೇ ಅನ್ನುತ್ತಾಳೆ. ಅವರು ಬಂದು, ವಿಚಾರಿಸಿ ಹೋದ ಮೇಲೆ ಆ ಬೀಗದ ಒಳಗೆ ನಾವಿಬ್ಬರೇ ಉಳಿಯುತ್ತೇವೆ. ನಿನ್ನ ಮುಖ ಬಾಗಿಲಲ್ಲಿ ಕಂಡರೆ ನನಗೆ ಧೈರ್ಯ ಬರುತ್ತದೆ. ಏಪ್ರಿಲ್ ಎಂಟು ಎಂದು ಇಸ್ತ್ರಿಯಮ್ಮನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ.

ಪಿಳಿ

⁂

ಏಪ್ರಿಲ್ 3

ಪಿಳೀ, ನನ್ನ ಕಂದಾ,

ಎಂಟನೇ ತಾರೀಕು ನಾನು ಬರುವುದಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲಾಗುವುದಿಲ್ಲ.

ಮೊನ್ನೆ ಅರ್ಜಿ ವಾಪಸ್ ಬಂತು. ಬ್ಯಾಂಕಿನದು ಸರಿ ಇತ್ತು, ತೆರಿಗೆಯದು ಸರಿ ಇತ್ತು, ಮ್ಯೂಸಿಯಂ ಸೇತುವೆ ಎಲ್ಲ ಸರಿ ಇತ್ತು. ಫೋಟೊ ತಿದ್ದಲಾಗಿದೆ, ಅರ್ಜಿದಾರರ ಗುರುತು ಹೊಂದುತ್ತಿಲ್ಲ ಎಂದು ಬರೆದಿದ್ದಾರೆ. ಕ್ಲಿಪ್ಪಣ್ಣ ಪಾಸ್‌ಪೋರ್ಟ್ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟ. "ಅಂಕಲ್, ಅದರಲ್ಲಿ ಕಲೆ ಇದೆ, ಇದರಲ್ಲಿ ಇಲ್ಲ. ಇದು ನೀವೇ ಅಂತ ಅವರು ಹೆಂಗೆ ನಂಬಬೇಕು?" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಅರ್ಜಿ ಹಾಕಿದ್ದೇನೆ. ಬೆರಳು ಕೊಡಲು ಹದಿನಾರನೇ ತಾರೀಕಿಗೆ ಕರೆದಿದ್ದಾರೆ. ಅದಕ್ಕಿಂತ ಮುಂಚೆ ಎಲ್ಲೂ ಜಾಗವಿಲ್ಲ. ಅಲ್ಲಿಂದ ಮೂರು ವಾರ. ಮೂವತ್ತು ದಾಟುತ್ತದೆ. ಕಾಲಿಗೆ ಬೀಳುತ್ತೇನೆ ಅಂದೆ, ಕೌಂಟರಿನಲ್ಲಿ ಗಾಜು ಅಡ್ಡ ಇದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಹಾರ್ಡ್ ಡಿಸ್ಕ್ ಕೆಟ್ಟಿಲ್ಲ. ಅವತ್ತಿನ ಮೂಲ ಚಿತ್ರ ಇದೆ. ಇವತ್ತು ಅದನ್ನು ತೆರೆದೆ. ಅದು ನಲ್ಲಿ ತಾಗಿದ್ದಲ್ಲ ಎಂದು ಅವತ್ತೇ ಗೊತ್ತಿತ್ತು. ನಲ್ಲಿಗೆ ನಾಲ್ಕು ಬೆರಳು ಇರುವುದಿಲ್ಲ. ಮದುವೆಗೆ ಬರುವ ಎಷ್ಟೋ ಹೆಣ್ಣುಮಕ್ಕಳ ಮುಖ ನಾನು ಹೀಗೆ ಸರಿ ಮಾಡಿ ಕಳಿಸಿದ್ದೇನೆ, ನನಗೆ ಗೊತ್ತಾಗದೆ ಏನು. ಆದರೆ ಕೇಳಿದರೆ ನೀನು ಹೇಳುತ್ತೀಯ, ಹೇಳಿದರೆ ನಾನು ಏನಾದರೂ ಮಾಡಬೇಕಾಗುತ್ತದೆ ಎಂದು ಹೆದರಿದೆ. ಹೆದರಿದವನ ಕೈಯಲ್ಲಿ ಬ್ರಷ್ ಇತ್ತು. ನನ್ನ ತಪ್ಪು ಕಂದಾ. ಅದನ್ನು ಮಾಡಿದವನು ಅವನು, ಮುಚ್ಚಿದವನು ನಾನು. ಆ ಕೈಯೇ ಈಗ ನನ್ನ ಮುಖವನ್ನೂ ಅಳಿಸಿ ನನ್ನನ್ನು ಇಲ್ಲೇ ಕೂರಿಸಿತು.

ನನ್ನನ್ನು ಕಾಯಬೇಡ. ಕೆಲಸಕ್ಕೆ ಹೋಗಲು ಬಾಗಿಲು ತೆರೆಯುತ್ತಾನಲ್ಲ, ಹಾಗೆ ಹೊರಟವಳು ವಾಪಸ್ ಹೋಗಬೇಡ. ಇಸ್ತ್ರಿಯಮ್ಮನ ಮನೆಯಲ್ಲಿರು. ಅಲ್ಲಿನ ಹೆಂಗಸರ ಸಹಾಯವಾಣಿಗೆ, ಆ ಭಾಷೆ ಬಲ್ಲ ಪರಿಚಯದ ಮೇಷ್ಟ್ರ ಕೈಲಿ ಫೋನ್ ಮಾಡಿಸಿದೆ. ನೀನೇ ಬಾಯಿಬಿಟ್ಟು ಹೇಳಬೇಕಂತೆ, ಹೇಳಿದರೆ ಇರಲು ಜಾಗ ಕೊಡುತ್ತಾರಂತೆ. ನಂಬರು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಓದಿದ ಮೇಲೆ ಈ ಕಾಗದ ಹರಿದುಹಾಕು.

ನಿನ್ನ ಅಪ್ಪ

⁂

ಏಪ್ರಿಲ್ 17, ಶುಕ್ರವಾರ

ಅಪ್ಪಾ,

ಹೆಚ್ಚು ಬರೆಯಲು ಹೊತ್ತಿಲ್ಲ. ಇವತ್ತು ಸಂಜೆ ಅವನೇ ಕರೆದೊಯ್ಯಲು ಬರುತ್ತಾನೆ, ಹಾಗಾಗಿ ಹೊರಡುವುದು ಸೋಮವಾರ, ಇಪ್ಪತ್ತನೇ ತಾರೀಕು. ಬೆಳಿಗ್ಗೆ ಕೆಲಸಕ್ಕೆ ಎಂದು ಬರುತ್ತೇನೆ, ಸಂಜೆ ಇಸ್ತ್ರಿಯಮ್ಮನ ಜೊತೆ ಹೋಗುತ್ತೇನೆ. ಅವಳು ತನ್ನ ಕೋಣೆಯಲ್ಲಿ ಮಂಚ ಎಳೆದು ಜಾಗ ಮಾಡಿದ್ದಾಳೆ. ಮಂಗಳವಾರ ಇಬ್ಬರೂ ಸೇರಿ ಆ ನಂಬರಿಗೆ ಮಾತಾಡುತ್ತೇವೆ.

ಜೊತೆಗೆ ಒಂದು ಫೋಟೊ ಇಟ್ಟಿದ್ದೇನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ರೈಲ್ವೆ ಸ್ಟೇಷನ್ನಿನ ಪೆಟ್ಟಿಗೆಯಲ್ಲಿ ತೆಗೆದದ್ದು, ಒಳಗೆ ಕೂತರೆ ಯಂತ್ರವೇ ತೆಗೆಯುತ್ತದೆ. ನಾಲ್ಕರಲ್ಲಿ ಮೂರಕ್ಕೆ ಕಣ್ಣು ಮುಚ್ಚಿದ್ದೇನೆ, ನೀನು ಇರಲಿಲ್ಲವಲ್ಲ ಎರಡಕ್ಕೇ ಒತ್ತಲು. ನಾಲ್ಕನೆಯದು ಸರಿಯಾಗಿದೆ. ಆ ಯಂತ್ರ ಏನನ್ನೂ ಅಳಿಸುವುದಿಲ್ಲ. ಇದನ್ನು ಮುಟ್ಟಬೇಡ ಅಪ್ಪಾ. ಇರುವ ಹಾಗೇ ಇರಲಿ. ಬೇಕಾಗುತ್ತದೆ.

ನಿನ್ನ ಕಾಗದ ಹರಿಯಬೇಕಿತ್ತು. ಇಸ್ತ್ರಿಯಮ್ಮ ಕೇಳಿದಳು, ಅವಳಿಗೂ ಕೊಡಲಿಲ್ಲ. ಚೀಲದ ಅಡಿಯಲ್ಲಿ, ಅಸ್ತರಿನ ಒಳಗೆ ಇಟ್ಟಿದ್ದೇನೆ. 'ನನ್ನ ತಪ್ಪು' ಎಂದು ನೀನು ಬರೆದ ಸಾಲನ್ನು ದಿನಾ ಒಂದು ಸಲ ಓದುತ್ತೇನೆ. ನನ್ನ ಸಿಟ್ಟು ಈಗ ಇಲ್ಲ. ಸೋಮವಾರದವರೆಗೆ ಆ ಕಾಗದವೊಂದು ಜೊತೆಗಿರಲಿ.

ಖಾಲಿ ಬಿಟ್ಟ ಸಾಲನ್ನು ಮುಂದಿನ ಕಾಗದದಲ್ಲಿ ತುಂಬುತ್ತೇನೆ.

ನಿನ್ನ ಪಿಳಿ

⁂

ಮೇ 9

ಪೂಜ್ಯ ಮಾವನವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ನಿಮ್ಮ ಮಗಳು ಫೋನ್ ಮಾಡುತ್ತಿಲ್ಲವೆಂದು ನೀವು ಗಾಬರಿಯಾಗಿದ್ದೀರಿ ಎಂದು ನಿಮ್ಮ ಮೆಸೇಜುಗಳಿಂದ ತಿಳಿಯಿತು. ಗಾಬರಿಯ ಅಗತ್ಯವಿಲ್ಲ. ಮೂವತ್ತನೇ ತಾರೀಕಿನವರೆಗೆ ಕಾಯುವುದು ಬೇಡವೆಂದು ಏಪ್ರಿಲ್ ಹತ್ತೊಂಬತ್ತರ ಭಾನುವಾರವೇ ಮನೆ ಬದಲಾಯಿಸಿದೆವು. ಜಾಗ ಪ್ರಶಾಂತವಾಗಿದೆ. ಫೋನಿನ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ವಿಳಾಸ ಇನ್ನೂ ಖಾಯಂ ಆಗಿಲ್ಲವಾದ್ದರಿಂದ ಬರೆಯುತ್ತಿಲ್ಲ.

ನೀವು ಈ ವಯಸ್ಸಿನಲ್ಲಿ ವೀಸಾಕ್ಕಾಗಿ ಇಷ್ಟೆಲ್ಲ ಓಡಾಡುತ್ತಿರುವುದು ನನಗೆ ತಿಳಿದಿರಲಿಲ್ಲ. ಮನೆ ಖಾಲಿ ಮಾಡುವಾಗ ಅವಳ ಚೀಲದ ಅಸ್ತರಿನಲ್ಲಿ ನಿಮ್ಮ ಕಾಗದ ಸಿಕ್ಕಿತು. ಪೂರ್ತಿ ಓದಿದೆ. ನಿಮ್ಮ ಅಕ್ಷರ ತುಂಬ ಚೆನ್ನಾಗಿದೆ. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಅವಳಿಗೂ ಈಗ ನೀವು ಬರುವುದು ಬೇಡವೆಂದು ಅನ್ನಿಸುತ್ತಿದೆ.

ನಿಮ್ಮ ಸಮಾಧಾನಕ್ಕೆಂದು ಇಬ್ಬರೂ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿದ್ದೇವೆ. ಹಾಳಾಗದಿರಲೆಂದು ದಪ್ಪ ರಟ್ಟಿಗೆ ಅಂಟಿಸಿದ್ದೇನೆ. ನೀವು ಈ ಕೆಲಸದಲ್ಲಿ ಪಳಗಿದವರು, ನೋಡಿದರೆ ನಿಮಗೇ ತಿಳಿಯುತ್ತದೆ, ಅವಳು ಎಷ್ಟು ಚೆನ್ನಾಗಿದ್ದಾಳೆ ಎಂದು.

ನಿಮ್ಮ ವಿಧೇಯ,
ಅಳಿಯ

⁂

ಮೇ 27

ಸ್ಟುಡಿಯೋ ಮಾಲೀಕರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನೂ ನಿಮ್ಮ ಹಾಗೆ ಫೋಟೊ ತೆಗೆಯುವವನು, ಬಹಳ ದೂರದ ದೇಶದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದೇನೆ. ಇದನ್ನು ನನ್ನ ಭಾಷೆಯಲ್ಲಿ ಬರೆದು, ಪರಿಚಯದ ಮೇಷ್ಟ್ರೊಬ್ಬರ ಕೈಲಿ ನಿಮ್ಮ ಭಾಷೆಗೆ ಮಾಡಿಸಿ ಎರಡನ್ನೂ ಕಳಿಸುತ್ತಿದ್ದೇನೆ.

ಇದರ ಜೊತೆಗಿರುವ ಫೋಟೊದ ನಕಲು ನೋಡಿ. ಇದು ನೀವು ತೆಗೆದದ್ದು. ಗಂಡ ನಿಂತಿದ್ದಾನೆ, ಹೆಂಡತಿ ಕೂತಿದ್ದಾಳೆ, ಅವನ ಕೈ ಅವಳ ಹೆಗಲ ಮೇಲಿದೆ. ಅವಳು ನನ್ನ ಮಗಳು. ಅವನು ಇದನ್ನು ರಟ್ಟಿಗೆ ಅಂಟಿಸಿ ನನಗೆ ಕಳಿಸಿದ. ನಾವು ಫೋಟೊ ಕೊಡುವಾಗ ಹಿಂದೆ ಸ್ಟುಡಿಯೋದ ಮೊಹರು ಒತ್ತುತ್ತೇವೆ ಎಂದು ಅವನಿಗೆ ಗೊತ್ತಿದ್ದಿರಬೇಕು, ಅದು ಕಾಣಬಾರದು ಎಂದೇ ಅಂಟಿಸಿದ. ರಟ್ಟನ್ನು ನೀರಿನಲ್ಲಿ ನೆನೆಹಾಕಿ, ಎರಡು ದಿನ ಕೂತು ಬಿಡಿಸಿದೆ. ನಿಮ್ಮ ಹೆಸರು, ಫೋನ್ ನಂಬರು ಅಂಟಿನ ಜೊತೆ ಹೋಯಿತು. ಬೀದಿ ಮತ್ತು ಊರು ಉಳಿಯಿತು.

ಭೂತಗನ್ನಡಿ ಹಿಡಿದು ನೋಡಿದೆ. ನಿಮ್ಮ ಕೈ ತುಂಬ ಚೆನ್ನಾಗಿದೆ. ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಎಡ ಕಿವಿಯಿಂದ ದವಡೆಯವರೆಗೆ, ಕುತ್ತಿಗೆಯ ಎರಡೂ ಬದಿ, ಕೆಳತುಟಿಯ ಮೂಲೆ, ಇಷ್ಟು ಕಡೆ ನೀವು ಕೆಲಸ ಮಾಡಿದ್ದೀರಿ. ಅಲ್ಲಿ ಚರ್ಮಕ್ಕೆ ರೋಮರಂಧ್ರಗಳೇ ಇಲ್ಲ. ಕಣ್ಣು ಬಿಟ್ಟಿದ್ದಾಳೆ. ನಾಲ್ಕು ತೆಗೆದರೆ ಮೂರರಲ್ಲಿ ಕಣ್ಣು ಮುಚ್ಚುವವಳು ಅವಳು. ಒಂದೋ ನೀವು ಬೇರೆ ಚಿತ್ರದಿಂದ ಕಣ್ಣು ತಂದು ಕೂರಿಸಿದ್ದೀರಿ, ಇಲ್ಲವೇ ಮುಚ್ಚಲು ಅವಳಿಗೆ ಹೆದರಿಕೆಯಾಗಿದೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಇದೇ ಮಗಳ ಮುಖದಿಂದ ನಾನೇ ಒಂದು ಸಲ ಅಳಿಸಿದ್ದೇನೆ. ಏನಾಯಿತಮ್ಮಾ ಎಂದು ಕೇಳದೆ ಅಳಿಸಿದೆ. ಗಿರಾಕಿಯ ಮನೆಯ ವಿಷಯ ನಮಗೇಕೆ ಎಂದು ನೀವೂ ಅಂದುಕೊಂಡಿರಬಹುದು. ನನಗೆ ಅದು ಸ್ವಂತ ಮನೆಯ ವಿಷಯವೇ ಆಗಿತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದ ಇಸ್ತ್ರಿಯ ಹೆಂಗಸು ಆ ಸೋಮವಾರ ಲಾಂಡ್ರಿ ಮುಚ್ಚುವವರೆಗೂ ಕಾದಳಂತೆ. ಆಮೇಲೆ ಪೊಲೀಸಿಗೆ ಹೋಗಿದ್ದಾಳೆ. ಮಗಳು ನನಗೆ ಕಳಿಸಿದ ಯಂತ್ರದ ಫೋಟೊವನ್ನೂ ನಾನು ಅವರಿಗೆ ಕಳಿಸಿದೆ, ಮುಟ್ಟದೆ. ಎಲ್ಲಿದ್ದಾಳೆ ಎಂದು ತಿಳಿಯದೆ ಎಲ್ಲಿ ಹುಡುಕುವುದು ಅನ್ನುತ್ತಾರೆ. ಇವತ್ತು ನಿಮ್ಮ ಬೀದಿಯ ಹೆಸರನ್ನು ಅವರಿಗೂ ತಿಳಿಸಿದ್ದೇನೆ. ಅವರು ನಿಮ್ಮಲ್ಲಿಗೆ ಬರಬಹುದು, ಬರದೆಯೂ ಇರಬಹುದು. ನನಗೆ ವೀಸಾ ಸಿಕ್ಕಿದೆ. ಜೂನ್ ಎಂಟಕ್ಕೆ ನಿಮ್ಮ ಊರಿಗೆ ಬರುತ್ತೇನೆ. ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲ ದಿನ ಮ್ಯೂಸಿಯಂ ಎಂದಿದೆ, ನಾನು ನೇರ ನಿಮ್ಮ ಅಂಗಡಿಗೆ ಬರುತ್ತೇನೆ.

ನಾವು ಮೂಲ ಚಿತ್ರವನ್ನು ಎಸೆಯುವುದಿಲ್ಲ, ನನಗೆ ಗೊತ್ತು. ನೀವು ತಿದ್ದುವ ಮುಂಚಿನದು ಬೇಕು. ಕಣ್ಣು ಮುಚ್ಚಿದವು ಕೆಟ್ಟಿವೆ ಎಂದು ಪಕ್ಕಕ್ಕಿಟ್ಟಿದ್ದರೆ ಅವೂ ಬೇಕು. ಯಾವ ದಿನ ಬಂದರು, ಬಿಲ್ಲಿಗೆ ಯಾವ ವಿಳಾಸ ಬರೆಸಿದರು, ಅವಳು ಏನಾದರೂ ಮಾತಾಡಿದಳೇ, ಸ್ಟೂಲಿನಿಂದ ತಾನಾಗಿ ಎದ್ದಳೇ, ನೆನಪು ಮಾಡಿಕೊಳ್ಳಿ. ಅವನು ಮತ್ತೆ ಬಂದರೆ ಈ ಕಾಗದದ ವಿಷಯ ಹೇಳಬೇಡಿ. ಇನ್ನೂ ಒಂದು ಕೇಳಬೇಕು. ಆ ಗುರುತುಗಳು ಹಳದಿಗೆ ತಿರುಗಿದ್ದವೇ, ಇಲ್ಲ ಇನ್ನೂ ನೀಲಿಯಾಗಿದ್ದವೇ? ನಿಮಗಲ್ಲದೆ ಇದನ್ನು ಹೇಳುವವರು ಬೇರೆ ಯಾರೂ ಇಲ್ಲ.

ನಾನು ಬಂದಾಗ ಗುರುತು ಸಿಗಲೆಂದು ನನ್ನ ಫೋಟೊ ಇಟ್ಟಿದ್ದೇನೆ. ಎಡ ಹುಬ್ಬಿನ ಮೇಲೆ ಕಲೆ ಇದೆ. ಮಗಳು ಮಾಡಿದ್ದು. ಅಳಿಸಿಲ್ಲ.

ನಿಮ್ಮಂತೆಯೇ ಕೆಲಸ ಮಾಡಿದ,
ಅವಳ ಅಪ್ಪ